ಮೊದಲ ಮ್ಯಾಚ್ ಸೋತವರ ಪಾಲು

1/5

ಈ ವಾರ ಡಾರ್ಟ್ಸ್ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ತಿರುಗಿದರೂ ಡಾರ್ಟ್ಸ್ ಬೋರ್ಡ್ ಹಾಕಿದ ಗೋಡೆ ಸಿಗೋದು ಕಷ್ಟ ಅಂತ ನನಗೂ ಗೊತ್ತದ. ಆದರೆ ನಾಕೌಟ್ ಟೂರ್ನಮೆಂಟ್ ನಮಗೇನು ಹೊಸದಲ್ಲ. ತೊಗರಿ ರಾಶಿ ಮುಗೀತು ಅಂದ್ರ ಸಾಕು, ಟೆನಿಸ್ ಬಾಲ್ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಬ್ಯಾನರ್ ಊರೂರಿಗೆ ಏಳ್ತಾವ. ನನ್ನ ಮಾತು ಇಷ್ಟೇ: ಮೊದಲ ಮ್ಯಾಚ್ ಸೋತವರನ್ನ ಹೆಂಗ ನೋಡಿಕೊಳ್ಳಬೇಕು ಅನ್ನೋದನ್ನ ನಾವು ಆ ಡಾರ್ಟ್ಸ್‌ನವರಿಂದ ಕಲಿಯಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಸಾಲು. ಗೋಡೆಗೆ ದುಂಡನೆ ಬೋರ್ಡ್, ಅದರ ನಟ್ಟನಡುವಿನ ಚುಕ್ಕಿ ನೆಲದಿಂದ 5 ಅಡಿ 8 ಇಂಚು ಎತ್ತರ. ಸುಮಾರು 7 ಅಡಿ 9 ಇಂಚು ದೂರ ನಿಂತು, ಒಂದು ಸರದಿಗೆ ಮೂರು ಡಾರ್ಟ್ ಎಸೀಬೇಕು. ಲೆಕ್ಕ ಶುರುವಾಗೋದು 501ರಿಂದ. ಹೊಡೆದ ಅಂಕ ಕಳೀತಾ ಕಳೀತಾ ಸರಿಯಾಗಿ ಸೊನ್ನೆಗೆ ಬರಬೇಕು, ಕೊನೆಯ ಡಾರ್ಟ್ ಹೊರಗಿನ ಸಣ್ಣ ಡಬಲ್ ಪಟ್ಟಿಗೆ ಇಲ್ಲಾ ನಡುವಿನ ಬುಲ್‌ಗೆ ಬೀಳಬೇಕು. 20 ಬಾಕಿ ಇದ್ದಾಗ 25 ಹೊಡೆದ್ರ ಆ ಸರದಿಯೇ ರದ್ದು. ಬಿಕಾಂನವರಿಗೆ ಇದಕ್ಕಿಂತ ಹೆಚ್ಚು ಹೇಳೋದು ಬ್ಯಾಡ. ಬ್ಯಾಲೆನ್ಸ್ ನಿಲ್ ಆಗಬೇಕು, ಒಂದು ರೂಪಾಯಿನೂ ಆಚೀಚೆ ಆಗೋ ಹಂಗಿಲ್ಲ.

2/5

ಈ ಆಟದ ದೊಡ್ಡ ಟೂರ್ನಮೆಂಟ್ ಅಂದ್ರ ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್ ನಡೆಸುವ ವಿಶ್ವ ಚಾಂಪಿಯನ್‌ಶಿಪ್. ಡಿಸೆಂಬರ್‌ನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಶುರುವಾಗಿ ಹೊಸ ವರ್ಷದ ಮೊದಲ ವಾರ ಮುಗೀತದ. 2025ರ ಆವೃತ್ತಿಯಲ್ಲಿ 96 ಆಟಗಾರರಿದ್ದರು, 2026ರದ್ದಕ್ಕೆ 128 ಮಂದಿ. ಲೀಗ್ ಇಲ್ಲ, ಎರಡನೇ ಚಾನ್ಸ್ ಇಲ್ಲ. ಸೋತ್ರ ಮನಿಗೆ. 2026ರ ಜನವರಿ 3ರಂದು ಫೈನಲ್‌ನಲ್ಲಿ ಲ್ಯೂಕ್ ಲಿಟ್ಲರ್ ಎಂಬ ಇಂಗ್ಲೆಂಡಿನ ಹುಡುಗ ಗಿಯಾನ್ ವಾನ್ ವೀನ್‌ನನ್ನು 7-1 ಸೆಟ್‌ಗಳಿಂದ ಸೋಲಿಸಿದ. ಲಿಟ್ಲರ್‌ಗೆ ಆಗ 18 ವರ್ಷ. ನಮ್ಮ ಕ್ಲಾಸಿನ ಎಲ್ಲರಿಗಿಂತ ಚಿಕ್ಕವ. ಅವನಿಗೆ ಸಿಕ್ಕಿದ್ದು 10 ಲಕ್ಷ ಪೌಂಡ್, ನಮ್ಮ ರೊಕ್ಕದಾಗ ಸುಮಾರು 12 ಕೋಟಿ.

ರೀಲ್ಸ್‌ನಲ್ಲಿ ಓಡಿದ್ದು ಈ 12 ಕೋಟಿ. ನಾನು ನಿಂತು ನೋಡಿದ್ದು ಬಹುಮಾನದ ಪಟ್ಟಿಯ ಕೊನೆಯ ಸಾಲು. ಒಟ್ಟು ಬಹುಮಾನ 50 ಲಕ್ಷ ಪೌಂಡ್. ಅದರ ಹಂಚಿಕೆ ಹಿಂಗದ:

ಚಾಂಪಿಯನ್: 10 ಲಕ್ಷ
ರನ್ನರ್ ಅಪ್: 4 ಲಕ್ಷ
ಸೆಮಿಫೈನಲ್ ಸೋತ 2 ಮಂದಿ: ತಲಾ 2 ಲಕ್ಷ
ಕ್ವಾರ್ಟರ್ ಸೋತ 4 ಮಂದಿ: ತಲಾ 1 ಲಕ್ಷ
ನಾಲ್ಕನೇ ಸುತ್ತು ಸೋತ 8 ಮಂದಿ: ತಲಾ 60 ಸಾವಿರ
ಮೂರನೇ ಸುತ್ತು ಸೋತ 16 ಮಂದಿ: ತಲಾ 35 ಸಾವಿರ
ಎರಡನೇ ಸುತ್ತು ಸೋತ 32 ಮಂದಿ: ತಲಾ 25 ಸಾವಿರ
ಮೊದಲನೇ ಸುತ್ತಿನಲ್ಲೇ ಸೋತ 64 ಮಂದಿ: ತಲಾ 15 ಸಾವಿರ

ಕ್ಯಾಲ್ಕುಲೇಟರ್ ತಗೋರಿ. 64 ಗುಣಿಲೆ 15 ಸಾವಿರ ಅಂದ್ರ 9 ಲಕ್ಷ 60 ಸಾವಿರ. ಅಂದರೆ ಚಾಂಪಿಯನ್‌ಗೆ ಕೊಟ್ಟಷ್ಟೇ ಹಣ, ಹೆಚ್ಚು ಕಡಿಮೆ, ಒಂದೂ ಮ್ಯಾಚ್ ಗೆಲ್ಲದವರ ಗುಂಪಿಗೆ ಹೋಗ್ಯಾದ. ಹಂಗಂತ ಚಾಂಪಿಯನ್ ಬೆಲೆ ಕಮ್ಮಿ ಆಗಿಲ್ಲ. ಅವನೊಬ್ಬನಿಗೇ ಒಟ್ಟು ಹಣದಲ್ಲಿ ಶೇ. 20 ಸಿಕ್ಕಿದೆ.

3/5

ಸೋತವರಿಗೆ ಯಾಕ ಕೊಡಬೇಕು ಅಂತ ಕೇಳ್ತೀರಿ. ಉತ್ತರಕ್ಕೆ ಒಂದು ಹೆಸರು ಹೇಳ್ತೀನಿ: ನಿತಿನ್ ಕುಮಾರ್. ನಮ್ಮ ದೇಶದ ಆಟಗಾರ. ಈ ಟೂರ್ನಮೆಂಟಿಗೆ ಒಂದಕ್ಕಿಂತ ಹೆಚ್ಚು ಸಲ ಹೋಗಿ, ಮೊದಲ ಮ್ಯಾಚಿನಲ್ಲೇ ಸೋತು ಬಂದವರು. 2025ರ ಡಿಸೆಂಬರ್‌ನಲ್ಲಿ ಮತ್ತೆ ಹೋದರು. ನೆದರ್ಲೆಂಡ್ಸ್‌ನ ರಿಚರ್ಡ್ ವೀನ್‌ಸ್ಟ್ರಾ ವಿರುದ್ಧ 3-2ರಿಂದ ಗೆದ್ದರು. ಆ ಚಾಂಪಿಯನ್‌ಶಿಪ್‌ನಲ್ಲಿ ಮ್ಯಾಚ್ ಗೆದ್ದ ಮೊದಲ ಭಾರತೀಯ ಅವರೇ. ಮುಂದಿನ ಸುತ್ತಿನಲ್ಲಿ ಸೋತರು, ಅದು ಬೇರೆ ಮಾತು.

ಒಬ್ಬ ಮನುಷ್ಯ ಸೋತು ಮತ್ತೆ ಬರಬೇಕಂದ್ರ ಛಲ ಒಂದೇ ಸಾಕಾಗಲ್ಲ. ಹೋಗಿ ಬರೋ ಖರ್ಚು ಮೈಮೇಲೆ ಬೀಳಬಾರದು. ಕೊನೆಯ ಸಾಲಿನ 15 ಸಾವಿರ ಪೌಂಡ್ ಮಾಡುವ ಕೆಲಸ ಅದು. ಇನ್ನೊಂದು ವಿಷಯ, ಡಾರ್ಟ್ಸ್‌ನ ಮುಖ್ಯ ರ‍್ಯಾಂಕಿಂಗ್ ನಿಲ್ಲೋದೇ ಬಹುಮಾನದ ಹಣದ ಮೇಲೆ. ಎರಡು ವರ್ಷದಲ್ಲಿ ಎಷ್ಟು ಗಳಿಸಿದ್ದಾರೆ ಅನ್ನೋದೇ ಆಟಗಾರನ ಸ್ಥಾನ. ಒಂದು ಸೋಲಿನಿಂದ ಎರಡು ವರ್ಷದ ಖಾತೆ ಕ್ಲೋಸ್ ಆಗಲ್ಲ.

4/5

ಈಗ ನಮ್ಮ ಕಡೆ ಬರ್ರಿ. 16 ಟೀಮ್ ಇದ್ದರೆ 15 ಮ್ಯಾಚ್, ಅದರಲ್ಲಿ 8 ಟೀಮ್ ಒಂದೇ ಮ್ಯಾಚ್ ಆಡಿ ಹೋಗ್ತಾವ. ಅರ್ಧಕ್ಕರ್ಧ! ಈ ಅರ್ಧ ಮಂದಿ ಕಟ್ಟಿದ ಎಂಟ್ರಿ ಫೀ ಎಲ್ಲಿ ಹೋಯ್ತು? ಮೊದಲನೇ, ಎರಡನೇ ಬಹುಮಾನಕ್ಕೆ.

ನನ್ನ ಗೆಳೆಯನೊಬ್ಬನ ಹಳ್ಳಿಯ ಕಬಡ್ಡಿ ಟೀಮ್ ಹೋದ ವರ್ಷ ಇಂಥದ್ದೇ ಒಂದು ಟೂರ್ನಮೆಂಟಿಗೆ ಹೋಗಿತ್ತು. ಮುಂಜಾನಿ ಎಂಟಕ್ಕೆ ಟಂಟಂ ಹಿಡಿದು ಹೋದವರ ಪಾಳಿ ಬಂದಿದ್ದು ಸಂಜಿ ನಾಕಕ್ಕ. ಒಂದು ಮ್ಯಾಚ್, ಮುಗೀತು. ಊಟ ಸ್ವಂತದ್ದು, ಗಾಡಿ ಬಾಡಿಗಿ ಸ್ವಂತದ್ದು, ಒಂದು ದಿನದ ಕೂಲಿನೂ ಹೋಯ್ತು. ಮನಿಯಾಗ ಅವ್ವ ಕೇಳಿದ್ದು ಒಂದೇ ಮಾತು, "ಹೋಗಿ ಏನ್ ತಂದ್ಯೋ ತಮ್ಮಾ?" ಈ ವರ್ಷ ಆ ಟೀಮ್ ಹೆಸರೇ ಕೊಡಲಿಲ್ಲ. ಆಟ ಬಿಟ್ಟಿಲ್ಲ ಅವರು, ಟೂರ್ನಮೆಂಟ್ ಬಿಟ್ಟಾರ. ಹುಡುಗಿಯರ ಟೀಮ್ ಆದ್ರಂತೂ ಒಂದು ಸಲ ಸೋತು ಬಂದ ಮೇಲೆ ಮನಿಯವರನ್ನ ಮತ್ತೆ ಒಪ್ಪಿಸೋದು ಎಷ್ಟು ಕಷ್ಟ ಅಂತ ನಮ್ಮ ಕ್ಲಾಸಿನ ಹುಡುಗಿಯರನ್ನೇ ಕೇಳ್ರಿ.

ಹಿಂಗಾಗಿ ಏನಾಗ್ತದ? ವರ್ಷಾ ವರ್ಷಾ ಅವೇ ನಾಲ್ಕು ಗಟ್ಟಿ ಟೀಮ್ ಬರ್ತಾವ, ಅವೇ ಗೆಲ್ತಾವ. ಆಮ್ಯಾಲ "ನಮ್ಮ ಕಡೆ ಹೊಸ ಆಟಗಾರರೇ ಬರಲ್ಲ" ಅಂತ ನಾವೇ ಭಾಷಣ ಮಾಡ್ತೀವಿ.

5/5

"ಲಂಡನ್ನಿನವರಿಗೆ ಟಿವಿ ರೊಕ್ಕ ಬರ್ತದ, ನಮಗ ಎಲ್ಲಿಂದ ಬರಬೇಕು?" ಅಂತ ಕಮಿಟಿಯ ಅಣ್ಣಂದಿರು ಕೇಳ್ತಾರ. ನ್ಯಾಯವಾದ ಪ್ರಶ್ನೆ. ಪೌಂಡ್ ಬ್ಯಾಡ, ಇದ್ದ ರೊಕ್ಕವನ್ನೇ ಬೇರೆ ರೀತಿ ಹಂಚಿ ನೋಡೋಣ.

ಉದಾಹರಣೆಗೆ 16 ಟೀಮ್, ತಲಾ 1,000 ಎಂಟ್ರಿ ಫೀ: 16,000. ದಾನಿಗಳು ಕೊಟ್ಟಿದ್ದು 20,000 ಅಂತ ಹಿಡೀರಿ. ಒಟ್ಟು 36,000. ಸಾಮಾನ್ಯವಾಗಿ ಮಾಡೋದು ಹಿಂಗ: ಮೊದಲನೇ ಬಹುಮಾನ 20,000, ಎರಡನೇದು 10,000, ಅಂಪೈರ್, ಪೆಂಡಾಲ್, ಮೈಕ್ ಅಂತ ಖರ್ಚು 6,000.

ಇದನ್ನೇ ಹಿಂಗ ಮಾಡ್ರಿ: ಮೊದಲನೇದು 16,000, ಎರಡನೇದು 8,000, ಸೆಮಿಫೈನಲ್ ಸೋತ ಎರಡು ಟೀಮಿಗೆ ತಲಾ 1,000, ಮೊದಲ ಮ್ಯಾಚ್ ಸೋತ 8 ಟೀಮಿಗೆ ತಲಾ 500, ಖರ್ಚು ಅದೇ 6,000. ಕೂಡಿಸಿ ನೋಡ್ರಿ, ಸರಿಯಾಗಿ 36,000. ಬ್ಯಾಲೆನ್ಸ್ ನಿಲ್. ಗೆದ್ದವರ ಬಹುಮಾನ ಈಗಲೂ ಎರಡನೆಯವರಿಗಿಂತ ಎರಡು ಪಟ್ಟು. ಸೋತ ಟೀಮಿಗೆ ಅರ್ಧ ಫೀ ವಾಪಸ್, ಅಂದ್ರ ಬಂದ ಗಾಡಿಯ ಬಾಡಿಗಿಗೆ ಆಸರ.

ರೊಕ್ಕಾನೂ ಬ್ಯಾಡ ಅಂದ್ರ ಇನ್ನೊಂದು ದಾರಿ ಅದ. ಮೊದಲ ಮ್ಯಾಚ್ ಸೋತ 8 ಟೀಮಿಗೆ ಬೇರೆ ಒಂದು ಸಣ್ಣ ಕಪ್ ಇಡ್ರಿ. ಬರೀ 7 ಮ್ಯಾಚ್ ಹೆಚ್ಚಾಗ್ತದ. ಎಲ್ಲಾ ಟೀಮಿಗೂ ಕಡೇ ಪಕ್ಷ ಎರಡು ಮ್ಯಾಚ್ ಗ್ಯಾರಂಟಿ. ಟೈಮಿಲ್ಲ ಅಂದ್ರ ಉದ್ಘಾಟನೆಯ ಸನ್ಮಾನ, ಶಾಲು, ಭಾಷಣ ಒಂದು ತಾಸು ಕಮ್ಮಿ ಮಾಡ್ರಿ. ಟೈಮ್ ತಾನೇ ಸಿಗ್ತದ.

"ಸೋತವರಿಗೂ ಕೊಟ್ರ ಗೆಲ್ಲೋ ಹಸಿವು ಹೋಗ್ತದ" ಅನ್ನೋದು ಇನ್ನೊಂದು ವಾದ. ಲಿಟ್ಲರ್ ಫೈನಲ್ ಆಡಿದ್ದು ನೋಡಿದವರು ಯಾರೂ ಈ ಮಾತು ಆಡಲಾರರು. ಹಸಿವು ಹೋಗೋದು 500 ರೂಪಾಯಿ ಸಿಕ್ಕಿದ್ದಕ್ಕಲ್ಲ, ಮುಂದಿನ ವರ್ಷ ಬರೋಕೇ ಆಗದಿದ್ದಾಗ.

ನಮ್ಮಲ್ಲಿ ಎಷ್ಟೋ ಮಂದಿ ಊರಿನ ಕಮಿಟಿಯಲ್ಲಿ ಇದ್ದೀರಿ. ಚಂದಾ ಪಟ್ಟಿ ಬರೆಯೋದು, ಲೆಕ್ಕ ಇಡೋದು ಬಿಕಾಂ ಓದೋರ ತಲೀಗೇ ಬರ್ತದ. ಈ ಸಲ ಬ್ಯಾನರ್ ಪ್ರಿಂಟಿಗೆ ಕೊಡೋ ಮೊದಲು ಬಹುಮಾನದ ಪಟ್ಟಿಗೆ ಒಂದು ಸಾಲು ಸೇರಿಸ್ರಿ: ಮೊದಲ ಸುತ್ತಿನಲ್ಲಿ ಸೋತ ತಂಡಗಳಿಗೆ ಇಷ್ಟು. ಸೇರಿಸಿದವರು ಆ ಬ್ಯಾನರ್ ಫೋಟೋ ನನಗ ಕಳಿಸ್ರಿ, ಇದೇ ಪೇಜಿನಲ್ಲಿ ಹಾಕ್ತೀನಿ.

#ನಾಕೌಟ್ #ಡಾರ್ಟ್ಸ್ #ಆಳಂದ #ಅಫಜಲಪುರ #ಜೇವರ್ಗಿ #ಬಿಕಾಂಲೆಕ್ಕ