ಕಡಲ ವಿದ್ಯೆ ಮತ್ತು ಸಾಲದ ಬಲೆ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಪಶ್ಚಿಮ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ ಎಲ್ಲಿ ನೋಡಿದರೂ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ. ಆ ದಿನಗಳಲ್ಲಿ ಮೀನು ಹಿಡಿಯಲು ಅನುಮತಿ ಇರುವುದು ನಾಡದೋಣಿಗಳಿಗೆ, 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಂಡ ಸಣ್ಣ ದೋಣಿಗಳಿಗೆ. ಆದರೆ ಅವರೂ ಜೂನ್ ಒಂದರ ಬೆಳಗ್ಗೆಯೇ ಹೊರಡುವುದಿಲ್ಲ. ಕಡಲು ಒಮ್ಮೆ ಚೆನ್ನಾಗಿ ಕದಡಬೇಕು. ಅದಕ್ಕೆ ಅವರು ತೂಫಾನ್ ಎನ್ನುತ್ತಾರೆ. ತೂಫಾನ್ ಎದ್ದು ತಳದ ಕೆಸರು ಕಲಕಿದರೆ ಸಿಗಡಿ, ಮೀನು ದಡದ ಕಡೆಗೆ ಬರುತ್ತದೆ ಎಂಬುದು ಅವರ ಲೆಕ್ಕ. ಅಲೆಯ ಅಬ್ಬರ ಇಳಿಯುವುದನ್ನು ಕಾದು, ಗಾಳಿ ನೋಡಿ, ನೀರಿನ ಬಣ್ಣ ನೋಡಿ ದೋಣಿ ತಳ್ಳುತ್ತಾರೆ.

ಈ ಲೆಕ್ಕವನ್ನು ಯಾವ ಬ್ಯಾಂಕಿನಲ್ಲೂ ಅಡವಿಡಲು ಬರುವುದಿಲ್ಲ, ಅದಕ್ಕೆ ಬಡ್ಡಿಯೂ ಇಲ್ಲ. ನಮ್ಮ ಕರಾವಳಿಯ ಮೀನುಗಾರಿಕೆ ಇಂದು ಬಂದು ನಿಂತಿರುವ ಸ್ಥಿತಿಯನ್ನು ಇದೇ ದೃಷ್ಟಿಯಿಂದ ನೋಡಬೇಕೆಂದು ನಮಗೆ ಅನಿಸುತ್ತದೆ. ಯಾರ ಕೈಯಲ್ಲಿ ವಿದ್ಯೆ ಇತ್ತು, ಯಾರ ಹೆಸರಲ್ಲಿ ಸಾಲ ಇದೆ?

ಐವತ್ತು ದಾಟಿದ ನಮ್ಮ ಓದುಗರಿಗೆ ರಂಪಣಿಯ ನೆನಪು ಇರಬಹುದು. ಉದ್ದನೆಯ ಬಲೆಯನ್ನು ದೋಣಿಯಲ್ಲಿ ಕೊಂಡೊಯ್ದು ಮೀನಿನ ಹಿಂಡಿನ ಸುತ್ತ ಅರ್ಧಚಂದ್ರಾಕಾರದಲ್ಲಿ ಬಿಡುತ್ತಿದ್ದರು. ಎರಡೂ ತುದಿಯ ಹಗ್ಗ ದಡಕ್ಕೆ ಬರುತ್ತಿತ್ತು. ಊರಿಗೆ ಊರೇ ಮರಳಿನಲ್ಲಿ ನಿಂತು ಎಳೆಯುತ್ತಿತ್ತು. ಬಲೆ ಒಬ್ಬರದಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಹೆಣೆದು ತರುತ್ತಿದ್ದರು, ಎಲ್ಲ ತುಂಡುಗಳನ್ನು ಜೋಡಿಸಿದರೆ ಅದು ರಂಪಣಿ. ಬಲೆಯಲ್ಲಿ ತುಂಡು ಇದ್ದವನಿಗೆ ಮೀನಿನಲ್ಲಿ ಪಾಲು. ಎಳೆದವನಿಗೂ ಪಾಲು. ಇನ್ನೊಂದು ವಿಶೇಷವೆಂದರೆ, ಬಂಗುಡೆಯ ದೊಡ್ಡ ಹಿಂಡು ಸಿಕ್ಕಾಗ ಒಂದೇ ಸಲಕ್ಕೆ ಎಳೆದು ದಡದಲ್ಲಿ ಕೊಳೆಯಿಸುತ್ತಿರಲಿಲ್ಲ. ಬಲೆಯೊಳಗೆ ಜೀವಂತವಾಗಿ ಇಟ್ಟು, ಪೇಟೆಗೆ ಬೇಕಾದಷ್ಟನ್ನು ದಿನದಿನಕ್ಕೆ ತೆಗೆಯುತ್ತಿದ್ದರು. ಐಸ್ ಇಲ್ಲದ ಕಾಲದ ಜಾಣತನ ಅದು.

ಹಿಂಡನ್ನು ಗುರುತಿಸುವವನೇ ಈ ಎಲ್ಲಕ್ಕೂ ಮೂಲ. ನೀರಿನ ಮೇಲಿನ ನೆರಳು, ಸಣ್ಣ ಅಲೆಯ ನಡುಕ, ಹಕ್ಕಿಗಳು ಎರಗುವ ಜಾಗ, ಕತ್ತಲ ರಾತ್ರಿಯಲ್ಲಿ ನೀರಿನೊಳಗಿನ ಹೊಳಪು, ಇಷ್ಟನ್ನು ನೋಡಿ ಮೀನು ಯಾವುದು, ಎಷ್ಟು, ಯಾವ ಕಡೆಗೆ ಹೊರಟಿದೆ ಎಂದು ಹೇಳುವವರು ಇದ್ದರು. ಶಾಲೆಗೆ ಹೋಗದಿದ್ದರೂ ಊರಿನಲ್ಲಿ ಅವರಿಗೆ ದೊಡ್ಡ ಮರ್ಯಾದೆ.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಎಂಜಿನ್ ಬೋಟಿನಿಂದ ಹಿಂಡನ್ನು ಸುತ್ತುವರಿದು, ಬಲೆಯ ತಳವನ್ನು ಚೀಲದ ಬಾಯಿಯಂತೆ ಬಿಗಿದು ಎತ್ತುವ ವಿಧಾನ ಅದು. ದಡಕ್ಕೆ ಬರಬೇಕಾದ ಮೀನು ಕಡಲಲ್ಲೇ ಎತ್ತಲ್ಪಟ್ಟಿತು. ರಂಪಣಿಯವರು ಪ್ರತಿಭಟಿಸಿದರು, ಘರ್ಷಣೆಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ಹೆಚ್ಚುಕಡಿಮೆ ಕಣ್ಮರೆಯಾಯಿತು. ಕೆಲವರು ಪರ್ಸೀನ್‌ನಲ್ಲಿ ಪಾಲು ಪಡೆದರು, ಹೆಚ್ಚಿನವರು ಬೇರೆಯವರ ಬೋಟಿನಲ್ಲಿ ಆಳಾದರು. ಈಗ ಅಲ್ಲಲ್ಲಿ ಕಾಣುವ ಕೈರಂಪಣಿ ಆ ಹಳೆಯ ಬಲೆಯ ಮೊಮ್ಮಗು ಎನ್ನಬಹುದು.

ಹಾಗಾದರೆ ದೋಷವೆಲ್ಲ ಶ್ರೀಮಂತ ಬೋಟುಗಳದ್ದೇ? ಇಲ್ಲಿ ನೆರೆಯ ಕೇರಳದ ಕಥೆಯನ್ನು ಸ್ವಲ್ಪ ನೋಡಬೇಕು. ಅಲ್ಲಿ 1980ರ ದಶಕದಲ್ಲಿ ಸಾಂಪ್ರದಾಯಿಕ ಮೀನುಗಾರರು ಟ್ರಾಲ್ ಬೋಟುಗಳ ವಿರುದ್ಧ ಬೀದಿಗಿಳಿದರು. ಧರ್ಮಗುರು ಥಾಮಸ್ ಕೊಚೇರಿಯವರಂಥವರು, ಅನೇಕ ಧರ್ಮಭಗಿನಿಯರು ಅವರೊಂದಿಗೆ ಉಪವಾಸ ಕೂತರು, ಜೈಲಿಗೂ ಹೋದರು. 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಗೆ ಬಂತು. ಆದರೆ ಅದೇ ವರ್ಷಗಳಲ್ಲಿ ಅದೇ ಸಾಂಪ್ರದಾಯಿಕ ಮೀನುಗಾರರು ರಿಂಗ್‌ಸೀನ್ ಬಲೆ ಹಿಡಿದರು. ಮೊದಲು ಸಣ್ಣ ಬಲೆ, ಸಣ್ಣ ಎಂಜಿನ್. ಪಕ್ಕದ ದೋಣಿಯವನು ಒಂದು ಎಂಜಿನ್ ಹೆಚ್ಚಿಗೆ ಕಟ್ಟಿದರೆ ಇವನೂ ಕಟ್ಟಬೇಕು. ಅವನ ಬಲೆ ಉದ್ದವಾದರೆ ಇವನದೂ ಆಗಬೇಕು. ಬಲೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಬೆಳೆಯಿತು. ಹೊರಗಿನವರು ಯಾರೂ ಒತ್ತಾಯಿಸಲಿಲ್ಲ, ಪೈಪೋಟಿಯೇ ಸಾಕಾಯಿತು.

ಇಷ್ಟೆಲ್ಲ ಆದ ಮೇಲೆ ಮೀನು ಹೆಚ್ಚಾಯಿತೇ? ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಅಂಕಿಅಂಶದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದಕ್ಕೆ ಬಲೆಯೊಂದನ್ನೇ ದೂರುವುದು ಸರಿಯಲ್ಲ. ಎಲ್ ನಿನೊ, ಕಡಲ ಬಿಸಿ, ಮಳೆಯ ಏರುಪೇರು ಎಲ್ಲವೂ ಬೂತಾಯಿಯ ಸಂತತಿಯ ಮೇಲೆ ಪರಿಣಾಮ ಬೀರುತ್ತವೆ. ಆದರೆ ಮೀನು ಕೈಕೊಟ್ಟ ವರ್ಷ ಗಾಳದವನು, ಬೀಸುಬಲೆಯವನು ಗಂಜಿ ಕುಡಿದು ಕಾಯಬಲ್ಲ. ಸಾಲದ ಕಂತು ಇರುವವನು ಕಾಯಲಾರ. ಅವನು ಮರಿಮೀನನ್ನೂ ಎತ್ತುತ್ತಾನೆ. ಬೂತಾಯಿ ಕನಿಷ್ಠ 10 ಸೆಂ.ಮೀ., ಬಂಗುಡೆ ಕನಿಷ್ಠ 14 ಸೆಂ.ಮೀ. ಇರಬೇಕೆಂದು ಅದೇ ಸಂಸ್ಥೆ ಶಿಫಾರಸು ಮಾಡಿದೆ. ಕಂತು ಕಟ್ಟುವ ದಿನ ಹತ್ತಿರ ಬಂದಾಗ ಅಳತೆಪಟ್ಟಿ ಹಿಡಿಯುವವರು ಯಾರು?

ಯಂತ್ರಗಳೆಲ್ಲ ಕೆಟ್ಟವು ಎಂದು ನಾವು ಹೇಳುತ್ತಿಲ್ಲ. ಅಳಿವೆ ದಾಟುವಾಗ ದೋಣಿ ಮಗುಚಿ ಮನೆಯ ದುಡಿಯುವ ಕೈ ಕಳೆದುಕೊಂಡ ಕುಟುಂಬಗಳು ಪ್ರತಿಯೊಂದು ಕಡಲತಡಿಯ ಧರ್ಮಕೇಂದ್ರದಲ್ಲೂ ಇವೆ. ಲೈಫ್ ಜಾಕೆಟ್, ವೈರ್‌ಲೆಸ್, ಜಿಪಿಎಸ್, ಗಾಳಿಗೆದುರಾಗಿ ಮನೆಗೆ ತಲುಪಿಸುವ ಎಂಜಿನ್, ಇವುಗಳಿಗೆ ಖರ್ಚು ಮಾಡಿದ ಹಣ ವ್ಯರ್ಥವಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ನೆರವಿನಿಂದ ಮೀನು ಸಿಗಬಹುದಾದ ಜಾಗದ ಮಾಹಿತಿಯನ್ನೂ ಅಲೆಯ ಎಚ್ಚರಿಕೆಯನ್ನೂ ಉಚಿತವಾಗಿ ಕೊಡುತ್ತದೆ. ಒಂದು ಮೊಬೈಲ್ ಇದ್ದರೆ ಸಾಕು. ಜೀವ ಕಾಯುವ ಸಾಧನ ಬೇರೆ, ಪಕ್ಕದವನ ಮೀನನ್ನು ಅವನಿಗಿಂತ ಮೊದಲು ಎತ್ತುವ ಸಾಧನ ಬೇರೆ. ಎರಡನೆಯದನ್ನು ಎಲ್ಲರೂ ಕೊಂಡ ದಿನ ಯಾರಿಗೂ ಲಾಭವಿಲ್ಲ, ಖರ್ಚು ಮಾತ್ರ ಎಲ್ಲರಿಗೂ ಉಳಿಯುತ್ತದೆ.

ಬೆಳಕಿನ ಮೀನುಗಾರಿಕೆ ಇದಕ್ಕೆ ಸ್ಪಷ್ಟ ಉದಾಹರಣೆ. ಜನರೇಟರ್ ಇಟ್ಟು, ಪ್ರಖರ ಎಲ್‌ಇಡಿ ದೀಪಗಳನ್ನು ಉರಿಸಿ, ರಾತ್ರಿ ಮೀನನ್ನು ಒಂದೇ ಕಡೆಗೆ ಸೆಳೆದು ಬಾಚುವ ಕ್ರಮ ಅದು. ದೀಪದ ಬಳಿಗೆ ಬರುವುದರಲ್ಲಿ ಮರಿ ಯಾವುದು, ದೊಡ್ಡದು ಯಾವುದು ಎಂಬ ಭೇದವಿಲ್ಲ. ಕೇಂದ್ರ ಸರಕಾರ 2017ರ ನವೆಂಬರ್ 10ರಂದು ಇದನ್ನೂ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಆದರೂ ಆ ಬಳಿಕವೂ ನಾಡದೋಣಿಯವರು ನಿಷೇಧ ಜಾರಿ ಮಾಡಿ ಎಂದು ಮತ್ತೆ ಮತ್ತೆ ಪ್ರತಿಭಟನೆ ನಡೆಸಬೇಕಾಗಿ ಬಂದಿದೆ. ದೀಪಕ್ಕೆ ಲಕ್ಷಗಟ್ಟಲೆ ಸುರಿದವನು ಅದನ್ನು ಆರಿಸಲು ಸುಲಭವಾಗಿ ಒಪ್ಪುವುದಿಲ್ಲ, ಅವನ ಹಿಂದೆಯೂ ಸಾಲಗಾರನಿದ್ದಾನೆ.

ಹೆಂಗಸರ ವಿಷಯ ಸಾಮಾನ್ಯವಾಗಿ ಈ ಚರ್ಚೆಯಲ್ಲಿ ಬರುವುದೇ ಇಲ್ಲ. ರಂಪಣಿ ದಡಕ್ಕೆ ಬಂದಾಗ ಒಂದು ಬುಟ್ಟಿ ಮೀನನ್ನು ಅಲ್ಲೇ ಕೊಂಡು, ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರುತ್ತಿದ್ದರು. ಬಂದರಿನ ಹರಾಜಿನಲ್ಲಿ ದೊಡ್ಡ ರಾಶಿಗೆ ದೊಡ್ಡ ಬೆಲೆ ಕೂಗುವವರ ನಡುವೆ ಬುಟ್ಟಿಯವಳಿಗೆ ಜಾಗ ಕಡಿಮೆ. ಅಘನಾಶಿನಿಯ ಅಳಿವೆಯಲ್ಲಿ ಮಾತ್ರ ಇಂದಿಗೂ ನೀರು ಇಳಿದಾಗ ಕೈಯಿಂದಲೇ ಚಿಪ್ಪು ಆರಿಸಿ ಸಂಸಾರ ನಡೆಸುವ ಹೆಂಗಸರನ್ನು ನೋಡಬಹುದು. ಭರತ ಇಳಿತದ ಲೆಕ್ಕವೇ ಅವರ ಬಂಡವಾಳ.

ಇನ್ನು ಬೋಟುಗಳಲ್ಲಿ ದುಡಿಯುವವರು. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಇಂದು ಆಂಧ್ರ, ಒಡಿಶಾ, ಜಾರ್ಖಂಡ್‌ನ ಯುವಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಖಾರ್ವಿ ಮನೆಗಳ ಹುಡುಗರು, ಉತ್ತರ ಕನ್ನಡದ ಕ್ರೈಸ್ತ ಖಾರ್ವಿಗಳೂ ಸೇರಿ, ಗಲ್ಫಿಗೋ ಹಡಗಿನ ಕೆಲಸಕ್ಕೋ ಹೋಗಲು ಬಯಸುತ್ತಾರೆ. ಅದು ತಪ್ಪಲ್ಲ. ಆದರೆ ಊರಲ್ಲಿ ಉಳಿಯಬೇಕೆನ್ನುವ ಹುಡುಗನ ಮುಂದೆ ಇರುವ ದಾರಿ ಎರಡೇ, ದೊಡ್ಡ ಸಾಲ ಅಥವಾ ಆಳಿನ ಕೆಲಸ, ಎಂದಾದರೆ ನಾವು ಯೋಚಿಸಬೇಕು.

ಧರ್ಮಕೇಂದ್ರಗಳಲ್ಲಿ ಸ್ವಸಹಾಯ ಸಂಘಗಳಿವೆ, ಸಹಕಾರಿ ಸಂಘಗಳಿವೆ. ಬೋಟಿನ ಸಾಲಕ್ಕೆ ಅರ್ಜಿ ಬಂದಾಗ ಜಾಮೀನು ಯಾರೆಂದು ಕೇಳುತ್ತೇವೆ. ಆ ಹಣ ಲೈಫ್ ಜಾಕೆಟ್‌ಗೋ ದೀಪಕ್ಕೋ ಎಂದೂ ಕೇಳಬಹುದಲ್ಲವೇ? ನಾಲ್ಕು ಮನೆಯವರು ಸೇರಿ ಒಂದು ಬಲೆ, ಒಂದು ಐಸ್ ಪೆಟ್ಟಿಗೆ ಇಟ್ಟುಕೊಳ್ಳುವುದಾದರೆ ಅವರಿಗೆ ಮೊದಲ ಆದ್ಯತೆ ಕೊಡಬಹುದು. ರಂಪಣಿಯ ತುಂಡುಬಲೆಯ ಲೆಕ್ಕ ಇದೇ ಆಗಿತ್ತು.

ನಿಷೇಧದ ಎರಡು ತಿಂಗಳು ಹುಡುಗರು ಮನೆಯಲ್ಲೇ ಇರುತ್ತಾರೆ. ಹಿಂಡು ಗುರುತಿಸಬಲ್ಲ ಅಜ್ಜಂದಿರು ಕೆಲವರಾದರೂ ಇನ್ನೂ ಇದ್ದಾರೆ. ಮುಂದಿನ ಜೂನ್‌ನಲ್ಲಿ ಯುವಕ ಸಂಘದವರು ಅವರನ್ನು ಕರೆದು, ತೂಫಾನ್ ಕಾಯುವ ದಿನಗಳಲ್ಲಿ ಒಂದೆರಡು ಸಂಜೆ ಕಡಲ ಬದಿಯಲ್ಲಿ ಕೂರಿಸಿ ಕೇಳಲಿ, ಮೊಬೈಲ್‌ನಲ್ಲಿ ದಾಖಲಿಸಿಕೊಳ್ಳಲಿ. ಅದಕ್ಕೆ ಚಹಾದ ಖರ್ಚು ಬಿಟ್ಟರೆ ಬೇರೇನೂ ಬೇಕಾಗಿಲ್ಲ.