ಮೇಜಿನ ಮೇಲೆ ಗೆದ್ದರೆ ಸಾಲದು

‘ನಮ್ಮ ಯಂತ್ರದಲ್ಲಿ ಸರಿಯಾಗಿಯೇ ನಡೆಯಿತಲ್ಲ!’ ತಂತ್ರಾಂಶ ಬರೆಯುವ ನಮ್ಮ ತರುಣರ ಈ ಸಮಾಧಾನವನ್ನು ನಾವು ಒಪ್ಪಲಾರೆವು.

ಒಂದೇ ಕೋಣೆಯ ಎರಡು ಮೂರು ಗಣಕಯಂತ್ರಗಳ ನಡುವೆ ಸಂದೇಶ ಒಂದು ಮಿಲಿಸೆಕೆಂಡಿನೊಳಗೆ ತಲುಪುತ್ತದೆ, ಕಳೆದುಹೋಗುವುದು ಅಪರೂಪ. ಮುಂಬಯಿಯಿಂದ ನ್ಯೂಯಾರ್ಕಿಗೆ ಹೋಗಿಬರಲು ಅದಕ್ಕೆ ಸುಮಾರು 200 ಮಿಲಿಸೆಕೆಂಡು ಬೇಕು. ಊರಿಗೆ ಹೋದ ನಾವು ಮಲೆನಾಡಿನ ಮಳೆಯಲ್ಲಿ ಮೊಬೈಲಿನಿಂದ ಅಂಗಡಿಗೆ ಹಣ ಕಟ್ಟುತ್ತೇವೆ. ಹಣ ಸೇರಿರುತ್ತದೆ, ಉತ್ತರ ಮಾತ್ರ ದಾರಿಯಲ್ಲೇ ಮಾಯ! ಅದೇ ಬೇಡಿಕೆ ಮತ್ತೆ ಹೋಗುತ್ತದೆ. ಎರಡನೆಯ ಸಲ ಬಂದದ್ದನ್ನು ಗುರುತಿಸುವ ಏರ್ಪಾಡಿಲ್ಲದಿದ್ದರೆ ಹಣ ಎರಡು ಸಲ ಕಡಿತವಾದೀತು. ಹೊಣೆ ಯಾರದು?

‘ಪರೀಕ್ಷೆಗೆ ಯಂತ್ರಗಳು ಸಾಲವು’ ಎಂಬುದು ಬರಿಯ ನೆವ. ಲುಯಿಜಿ ರಿಜ್ಜೊ ಅವರ ಡಮ್ಮಿನೆಟ್ 1997ರಷ್ಟು ಹಳೆಯದು. ಲಿನಕ್ಸಿನಲ್ಲಿ ನೆಟ್‌ಎಮ್ ಪುಕ್ಕಟೆಯಾಗಿ ದೊರೆಯುತ್ತದೆ. ಸಂದೇಶಗಳನ್ನು ತಡೆದು ನಿಲ್ಲಿಸುವುದು, ಕಳೆಯುವುದು, ಹಿಂದುಮುಂದು ಮಾಡುವುದು, ಇಮ್ಮಡಿಸುವುದು, ಇವೆಲ್ಲ ಒಂದೇ ಯಂತ್ರದಲ್ಲಿ ಸಾಧ್ಯ. ಒಂದೇ ಅಳತೆಯ ವಿಳಂಬ ಸೇರಿಸಿ ಕೈತೊಳೆದುಕೊಂಡರೂ ಆಗದು. ವಿಳಂಬ ಏರಿಳಿಯಬೇಕು, ಸಂಪರ್ಕ ನಡುವೆಯೇ ಕಡಿಯಬೇಕು.

ಬಾವಿಯಲ್ಲಿ ಈಜು ಕಲಿತವನನ್ನು ತುಂಬಿದ ಹೊಳೆಗೆ ಇಳಿಸುವ ಮುನ್ನ ಸೆಳವಿನ ಪರಿಚಯ ಮಾಡಿಸಬೇಡವೇ?