ಅಂಗಳದಿಂದ ನೀಹಾರಿಕೆಯ ಚಿತ್ರ

ಕೆಂಪು, ನೀಲಿ ಮೋಡಗಳಂತೆ ಹರಡಿದ ನೀಹಾರಿಕೆಗಳ ಚಿತ್ರವನ್ನು ಪುಸ್ತಕದಲ್ಲಿ ಕಂಡ ವಿದ್ಯಾರ್ಥಿ ದೂರದರ್ಶಕ ಬೇಕೆಂದು ಹಠ ಹಿಡಿಯುತ್ತಾನೆ. ಹೆತ್ತವರು ಹೇಗೋ ಹಣ ಹೊಂದಿಸಿ ತಂದುಕೊಡುತ್ತಾರೆ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಶನಿಯ ಬಳೆ ಕಂಡು ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಆದರೆ ಮಹಾವ್ಯಾಧನ ನೀಹಾರಿಕೆಯತ್ತ ತಿರುಗಿಸಿದಾಗ ಕಾಣುವುದು ಬೂದು ಬಣ್ಣದ ಒಂದು ಮಸುಕು ಮಾತ್ರ. ಕ್ಯಾಮೆರಾ ಜೋಡಿಸಿದರೆ ನಕ್ಷತ್ರಗಳೆಲ್ಲ ಗೀರುಗಳಾಗಿ ಬೀಳುತ್ತವೆ. ದೂರದರ್ಶಕ ಸಣ್ಣದಾಯಿತು, ದೊಡ್ಡದು ಬೇಕು ಎಂಬ ಬೇಡಿಕೆ ಹುಟ್ಟುವುದು ಆಗಲೇ. ಎರಡನೆಯ ಸಲ ಹಣ ಬಿಚ್ಚುವ ಮೊದಲು ಕೊರತೆ ನಿಜವಾಗಿ ಎಲ್ಲಿದೆ ಎಂದು ನೋಡುವುದು ಒಳ್ಳೆಯದು.

ಮಹಾವ್ಯಾಧನ ನೀಹಾರಿಕೆ ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿದೆ. ಆದರೂ ಆಕಾಶದಲ್ಲಿ ಅದರ ಹರವು ಸುಮಾರು ಒಂದು ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಇಮ್ಮಡಿ. ಇಷ್ಟು ದೊಡ್ಡ ವಸ್ತುವನ್ನು ಇನ್ನಷ್ಟು ಹಿಗ್ಗಿಸಿ ನೋಡಬೇಕಾದ ಅಗತ್ಯವೇ ಇಲ್ಲ. ಪೆಟ್ಟಿಗೆಯ ಮೇಲೆ ಇಷ್ಟು ನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅಚ್ಚು ಹಾಕಿದ್ದನ್ನು ನಂಬಿ ಕೊಂಡವರು ಮೋಸಹೋಗುವುದು ಇದರಿಂದಲೇ. ನೀಹಾರಿಕೆ ಸಣ್ಣದಲ್ಲ, ಮಂಕು. ಕಣ್ಣಿಗೆ ಬೆಳಕನ್ನು ನಿಮಿಷಗಟ್ಟಲೆ ಕೂಡಿಟ್ಟುಕೊಳ್ಳುವ ಶಕ್ತಿಯಿಲ್ಲ. ಫಿಲ್ಮಿಗೂ ಕ್ಯಾಮೆರಾದ ಸೆನ್ಸರಿಗೂ ಇದೆ. ಹನಿ ಹನಿ ನೀರು ಕೊಡದಲ್ಲಿ ತುಂಬಿದ ಹಾಗೆ ಬೆಳಕೂ ಅಲ್ಲಿ ಸೇರುತ್ತಾ ಹೋಗುತ್ತದೆ.

ಈ ಗುಟ್ಟು ಮೊದಲು ಗೊತ್ತಾದದ್ದು ಹವ್ಯಾಸಿಗಳಿಗೇ. ಅಮೆರಿಕದ ಹೆನ್ರಿ ಡ್ರೇಪರ್ ವೈದ್ಯಶಾಸ್ತ್ರ ಓದಿದವನು. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ಬಳಿ ತನ್ನ ಸ್ವಂತ ವೀಕ್ಷಣಾಲಯದಲ್ಲಿ 11 ಅಂಗುಲದ ದೂರದರ್ಶಕದಿಂದ ಮಹಾವ್ಯಾಧನ ನೀಹಾರಿಕೆಯ ಮೊದಲ ಛಾಯಾಚಿತ್ರ ತೆಗೆದ. ಗಾಜಿನ ಫಲಕಕ್ಕೆ ಸುಮಾರು 50 ನಿಮಿಷ ಬೆಳಕು ಬಿಡಬೇಕಾಯಿತು. ಮೂರು ವರ್ಷಗಳ ನಂತರ, 1883ರಲ್ಲಿ, ಲಂಡನ್ ಸಮೀಪದ ಈಲಿಂಗ್‌ನಲ್ಲಿ ಮನೆಯ ಹಿತ್ತಿಲಿನಿಂದಲೇ ಆಂಡ್ರ್ಯೂ ಐನ್ಸ್ಲಿ ಕಾಮನ್ ತೆಗೆದ ಚಿತ್ರದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದವು. ವೃತ್ತಿಯಿಂದ ಆತ ನೈರ್ಮಲ್ಯ ಎಂಜಿನಿಯರ್. ಅವನ 36 ಅಂಗುಲದ ಕನ್ನಡಿ ದೊಡ್ಡದು, ನಿಜ. ಆದರೆ ಅಷ್ಟು ಭಾರದ ಯಂತ್ರ ನಕ್ಷತ್ರದ ಬೆನ್ನು ಹತ್ತಿ ಅಲುಗದೆ ತಿರುಗುವಂತೆ ಮಾಡಲು ಅಕ್ಷದ ಭಾರವನ್ನು ಪಾದರಸದ ಮೇಲೆ ತೇಲಿಬಿಟ್ಟಿದ್ದನಲ್ಲ, ಜಾಣತನ ಅಲ್ಲಿತ್ತು.

ಬಂಟ್ವಾಳದ ಹುಡುಗನ ಚಿತ್ರದಲ್ಲಿ ನಕ್ಷತ್ರ ಗೀರಾಗುವುದಕ್ಕೂ ಕಾರಣ ಭೂಮಿಯ ತಿರುಗಾಟವೇ. ನಿಶ್ಚಲ ಮುಕ್ಕಾಲಿಯ ಮೇಲೆ 50 ಮಿಲಿಮೀಟರ್ ಲೆನ್ಸಿನಲ್ಲಿ ಸುಮಾರು 10 ಸೆಕೆಂಡಿನವರೆಗೆ ನಕ್ಷತ್ರ ಚುಕ್ಕಿಯಾಗಿ ಉಳಿಯುತ್ತದೆ. 750 ಮಿಲಿಮೀಟರ್ ಸಂಗಮದೂರದ ದೂರದರ್ಶಕದಲ್ಲಿ ಒಂದು ಸೆಕೆಂಡೂ ಉಳಿಯದು. ಆದ್ದರಿಂದ ಕೈಯಲ್ಲಿರುವ ಹಣವನ್ನು ಮೊದಲು ಕೊಳವೆಗಲ್ಲ, ಅದನ್ನು ಹೊರುವ ಮೌಂಟ್‌ಗೆ ಹಾಕಬೇಕು. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತು ಮೋಟಾರಿನಿಂದ ತಿರುಗುವ ಗಟ್ಟಿ ಮೌಂಟ್ ಮೇಲೆ ನಾಲ್ಕು ಅಂಗುಲದ ದೂರದರ್ಶಕ ಕೊಡುವ ಚಿತ್ರವನ್ನು ನಡುಗುವ ಕಾಲಿನ ಮೇಲಿನ ಎಂಟು ಅಂಗುಲದ್ದು ಕೊಡಲಾರದು.

ಅದಕ್ಕೂ ಹಣವಿಲ್ಲದವರಿಗೆ ಬಡಗಿಯ ಹತ್ತಿರ ಉಪಾಯವಿದೆ. ಎರಡು ಹಲಗೆಗಳನ್ನು ಒಂದು ತುದಿಯಲ್ಲಿ ಬಾಗಿಲ ಬಿಜಾಗರಿಯಿಂದ ಜೋಡಿಸಿ, ಬಿಜಾಗರಿಯ ನಡುಗೆರೆಯಿಂದ ಸರಿಯಾಗಿ 22.85 ಸೆಂಟಿಮೀಟರ್ ದೂರದಲ್ಲಿ, ಸುತ್ತಿಗೆ ಒಂದು ಮಿಲಿಮೀಟರ್ ಏರುವ ಬೋಲ್ಟ್ ಹಾಕಬೇಕು. ಸಾಮಾನ್ಯ 6 ಮಿಲಿಮೀಟರ್ ಬೋಲ್ಟಿನ ಸುತ್ತು ಇಷ್ಟೇ ಇರುತ್ತದೆ. ಗಡಿಯಾರ ನೋಡಿಕೊಂಡು ಅದನ್ನು ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ಎದ್ದುಕೊಳ್ಳುತ್ತದೆ. ಲೆಕ್ಕ ಏಕೆ ಹೀಗೆ ಬಂತೆಂದು ತ್ರಿಕೋನಮಿತಿ ಕಲಿತ ವಿದ್ಯಾರ್ಥಿ ತಾನೇ ಮಾಡಿ ನೋಡಬಹುದು. ಇದು ದೂರದರ್ಶಕವನ್ನು ಹೊರಲಾರದು. ಸಾಮಾನ್ಯ ಲೆನ್ಸಿನ ಕ್ಯಾಮೆರಾವನ್ನಾದರೆ ಒಂದೆರಡು ನಿಮಿಷ ಚೆನ್ನಾಗಿ ಸಾಗಿಸುತ್ತದೆ.

ಮೌಂಟ್ ಆಗಲಿ ಹಲಗೆ ಆಗಲಿ, ಅಕ್ಷ ಧ್ರುವದತ್ತ ಮುಖ ಮಾಡಿರಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಧ್ರುವವೂ ಬಡಗು ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿದೆ. ತೋಟದ ನಡುವಿನ ಮನೆಯಲ್ಲಿ ಅಷ್ಟು ಎತ್ತರದಲ್ಲಿ ಕಾಣುವುದು ಅಡಿಕೆ ಮರದ ತಲೆಗಳು! ಧ್ರುವತಾರೆ ಕಾಣದಿದ್ದರೂ ಚಿಂತೆಯಿಲ್ಲ. ಮಹಾವ್ಯಾಧನ ಸೊಂಟಪಟ್ಟಿಯಲ್ಲಿ ಮೊದಲು ಮೂಡುವ ಮಿಂಟಾಕ ನಕ್ಷತ್ರ ಬಹುಮಟ್ಟಿಗೆ ಖಗೋಳದ ವಿಷುವದ್ವೃತ್ತದ ಮೇಲೆಯೇ ಇದೆ. ಅದು ಪೂರ್ವದಲ್ಲಿರುವಾಗ ಮೋಟಾರು ಓಡಿಸಿ ಕೆಲವು ನಿಮಿಷ ಗಮನಿಸಬೇಕು. ನಕ್ಷತ್ರ ತೆಂಕಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ, ಬಡಗಕ್ಕೆ ಜಾರಿದರೆ ಎತ್ತರವಾಗಿದೆ. ನೆತ್ತಿಯ ಸಮೀಪ ಮಧ್ಯಾಹ್ನ ರೇಖೆಗೆ ಬಂದಾಗ ಇನ್ನೊಮ್ಮೆ ನೋಡಬೇಕು. ಆಗ ತೆಂಕಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ, ಬಡಗಕ್ಕಾದರೆ ಪಶ್ಚಿಮಕ್ಕೆ. ಬೇಸರ ಹಿಡಿಸುವ ಕೆಲಸ ಇದು. ಆದರೆ ಚಿತ್ರ ಸುಧಾರಿಸುವುದರಲ್ಲಿ ಇದರಷ್ಟು ಫಲ ಕೊಡುವುದು ಬೇರೊಂದಿಲ್ಲ.

ಇನ್ನು ಬೆಳಕು ಕೂಡಿಡುವ ಮಾತು. ಡ್ರೇಪರನಂತೆ ಒಂದೇ ಫಲಕಕ್ಕೆ 50 ನಿಮಿಷ ಕಾಯುವ ಕಷ್ಟ ಈಗ ಇಲ್ಲ. ಅರ್ಧ ನಿಮಿಷದ ನೂರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರಾಯಿತು. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳು ಇದಕ್ಕೆ ಉಚಿತವಾಗಿ ಸಿಗುತ್ತವೆ. ಚಿತ್ರದಲ್ಲಿ ಮರಳಿನಂತೆ ಕಾಣುವ ಒರಟುತನ ಚಿತ್ರಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ತಗ್ಗುತ್ತದೆ: ನಾಲ್ಕು ಚಿತ್ರಕ್ಕೆ ಅರ್ಧ, ನೂರಕ್ಕೆ ಹತ್ತನೆಯ ಒಂದು ಪಾಲು. ಕೊನೆಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಇಪ್ಪತ್ತು ಕಪ್ಪು ಚಿತ್ರ, ಬೆಳಗಿನ ಆಕಾಶದತ್ತ ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಇಪ್ಪತ್ತು ಬಿಳಿ ಚಿತ್ರ ತೆಗೆದಿಡಬೇಕು. ಸೆನ್ಸರಿನ ಕಲೆ, ಧೂಳಿನ ನೆರಳುಗಳನ್ನು ಕಳೆಯಲು ಇವು ಬೇಕು. ಬಹಳ ಮಂದಿ ಇದನ್ನೇ ಬಿಟ್ಟು, ಆಮೇಲೆ ಕ್ಯಾಮೆರಾವನ್ನು ದೂರುತ್ತಾರೆ.

ಬಣ್ಣದ ವಿಷಯದಲ್ಲೊಂದು ಎಚ್ಚರ ಅಗತ್ಯ. ನೀಹಾರಿಕೆಯ ಕೆಂಪು ಜಲಜನಕದ್ದು, ತರಂಗದೂರ 656.3 ನ್ಯಾನೊಮೀಟರ್. ಅಂಗಡಿಯ ಸಾಮಾನ್ಯ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದಿರುವ ಗಾಜು ಈ ಕೆಂಪಿನ ಬಹುಪಾಲನ್ನು ತಡೆದುಬಿಡುತ್ತದೆ. ಮಹಾವ್ಯಾಧನ ನೀಹಾರಿಕೆ ಪ್ರಖರವಾದ್ದರಿಂದ ಆದರೂ ಮೂಡುತ್ತದೆ. ಕುದುರೆ ತಲೆಯ ನೀಹಾರಿಕೆಗೆ ಹೆಚ್ಚು ತಾಳ್ಮೆ ಬೇಕು. ಇಲ್ಲದ ಕೆಂಪನ್ನು ಕಂಪ್ಯೂಟರಿನಲ್ಲಿ ಬಳಿದರೆ ಅದು ಆಕಾಶದ ಚಿತ್ರವಾಗದು.

ಈ ಮೂರು ಊರುಗಳ ಆಕಾಶಕ್ಕೆ ತನ್ನದೇ ಗುಣದೋಷಗಳಿವೆ. ಪಡುವಣದಲ್ಲಿ ಮಂಗಳೂರಿನ ಬೆಳಕು, ಬಂಟ್ವಾಳದವರಿಗೆ ಮಗ್ಗುಲಲ್ಲೇ ಬಿ.ಸಿ. ರೋಡಿನ ದೀಪಗಳು. ಬೆಳ್ತಂಗಡಿಯಿಂದ ಚಾರ್ಮಾಡಿಯತ್ತ ಹೋದಂತೆ ಕತ್ತಲೆ ಚೆನ್ನಾಗಿದ್ದರೂ ಘಟ್ಟದ ಗೋಡೆ ಪೂರ್ವದ ಕೆಳ ಆಕಾಶವನ್ನು ಮರೆಮಾಡುತ್ತದೆ. ಧನು ರಾಶಿಯ ಸುಂದರ ನೀಹಾರಿಕೆಗಳು ನಡುರಾತ್ರಿ ಎತ್ತರಕ್ಕೆ ಬರುವುದು ಜೂನ್ ತಿಂಗಳಲ್ಲಿ, ಅಂದರೆ ಜಡಿಮಳೆಯ ಕಾಲಕ್ಕೆ. ಅವು ಬೇಕಾದವರು ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗ್ಗೆ ನಾಲ್ಕಕ್ಕೆ ಏಳಬೇಕು. ಯುರೋಪಿನ ಬಹುಭಾಗಕ್ಕೆ ಕಾಣದ ಕರೀನಾ ನೀಹಾರಿಕೆ ಇಲ್ಲಿ ತೆಂಕಣದಲ್ಲಿ 17 ಡಿಗ್ರಿಯವರೆಗೆ ಏರುತ್ತದೆ. ಮಹಾವ್ಯಾಧ ರಾತ್ರಿ ಒಂಬತ್ತಕ್ಕೆ ನೆತ್ತಿಯ ಬಳಿ ಬರುವುದು ಜನವರಿ ಕೊನೆಗೆ. ಪರೀಕ್ಷೆಯ ಸಿದ್ಧತೆಯೂ ಆಗಲೇ! ವಾರಕ್ಕೊಂದು ರಾತ್ರಿ, ಎರಡು ಗಂಟೆ ಎಂದು ಮನೆಯಲ್ಲಿ ಒಪ್ಪಂದವಾದರೆ ಸಾಕು. ಒಂದೇ ನೀಹಾರಿಕೆಯ ನಾಲ್ಕು ವಾರದ ಚಿತ್ರಗಳನ್ನೂ ಒಟ್ಟಿಗೆ ಕೂಡಿಸಬಹುದು.

ದೂರದರ್ಶಕ ಇನ್ನೂ ಕೊಳ್ಳದವರು ಉಡುಪಿಯ ಪೂರ್ಣಪ್ರಜ್ಞ ಹವ್ಯಾಸಿ ಖಗೋಳ ವೀಕ್ಷಕರ ಸಂಘದಂಥ ಕೂಟದಲ್ಲಿ ಬೇರೆಯವರ ಉಪಕರಣವನ್ನು ಮೊದಲು ನೋಡುವುದು ಲೇಸು. 2018ರಲ್ಲಿ ಆರಂಭವಾದ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯವೂ ನಕ್ಷತ್ರಪುಂಜಗಳ ಗುರುತು ಹಿಡಿಯಲು ನೆರವಾಗುತ್ತದೆ.

ಕೊಂಡವರಿಗೆ ಕರಾವಳಿಯಲ್ಲಿ ದೊಡ್ಡ ಶತ್ರು ತೇವ. ಕೊಳವೆಯ ಬಾಯಿಗೆ ಅದರ ಅಗಲದ ಒಂದೂವರೆಯಷ್ಟು ಉದ್ದದ ಕಪ್ಪು ಹಾಳೆಯ ಸುರುಳಿ ಸುತ್ತಿದರೆ ಇಬ್ಬನಿ ತಡವಾಗಿ ಕೂರುತ್ತದೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿರಬೇಕು. ಬೇಸಿಗೆಯಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ ನೋಡಲು ಜೂನಿನಿಂದ ಸೆಪ್ಟೆಂಬರಿನವರೆಗೆ ಬೇಕಾದಷ್ಟು ಸಂಜೆಗಳಿವೆ, ಕರೆಂಟು ಇದ್ದರೆ.